ಕಿರ್ ಎನ್ನದ ಬ್ರೇಕು

ನಮ್ಮಪ್ಪನಿಗೆ ಮನುಷ್ಯರ ಮಾತು ಅರ್ಧಕ್ಕರ್ಧ ಕೇಳಿಸುವುದಿಲ್ಲ. ಎದುರಿಗೆ ನಿಂತು ಎರಡು ಸಲ ಹೇಳಿದರೂ "ಆಂ?" ಎನ್ನುತ್ತಾನೆ. ಆದರೆ ನಮ್ಮ ಕುರ್ಚಿ ಕಾರ್ಖಾನೆಯ ಯಾವ ಮೂಲೆಯಲ್ಲಾದರೂ ಒಂದು ಡ್ರಾಯರ್ ಕಿರ್ ಎಂದರೆ ಸಾಕು, ಕೈಯಲ್ಲಿದ್ದ ಕೆಲಸ ಬಿಟ್ಟು ತಲೆ ಎತ್ತುತ್ತಾನೆ. ಕುರ್ಚಿ ಕಿರುಗುಟ್ಟಿದರೆ ಮಾಡಿದವನ ಮಾನ ಹೋದ ಹಾಗೆ ಅಂತ ಅವನ ಲೆಕ್ಕ. ಹೀಗಾಗಿ ನಮ್ಮಲ್ಲಿ ಎಲ್ಲರ ಜೇಬಿನಲ್ಲೂ ಒಂದು ಮೇಣದಬತ್ತಿಯ ತುಂಡು ಇರುತ್ತದೆ. ಡ್ರಾಯರ್ ಬಿಗಿಯಾದರೆ ಮೇಣ, ಗರಗಸ ಮರದಲ್ಲಿ ಸಿಕ್ಕಿಕೊಂಡರೆ ಮೇಣ, ಸ್ಕ್ರೂ ಒಳಗೆ ಹೋಗಲೊಲ್ಲದಿದ್ದರೆ ಮೇಣ. ಈ ಮನೆಯಲ್ಲಿ ಗೊರಕೆ ಹೊಡೆದರೂ ಮೂಗಿಗೆ ಮೇಣ ಹಚ್ಚುತ್ತಾರೆ ಎಂದು ಅತ್ತಿಗೆ ನಗಾಡುತ್ತಾಳೆ.

ಕಾರ್ಖಾನೆ ಅಂದರೆ ದೊಡ್ಡದೇನಲ್ಲ. ಅಪ್ಪ, ಅಣ್ಣ, ನಾನು. ಅಪ್ಪ ಮರ ಆರಿಸುತ್ತಾನೆ, ಅಣ್ಣ ಕೊಯ್ಯುತ್ತಾನೆ, ಜೋಡಣೆ ನನ್ನದು. ಕಾಲಿಗೆ ಅಡ್ಡಪಟ್ಟಿ ಕೂಡಿಸುವುದು, ಬೆನ್ನೊರಗಿನ ಬಾಗು ತೆಗೆಯುವುದು, ಒಂದು ಮೊಳೆಯೂ ಇಲ್ಲದೆ ಕುರ್ಚಿ ನೆಟ್ಟಗೆ ನಿಲ್ಲುವ ಹಾಗೆ ಮಾಡುವುದು. ಕಿಟಕಿಯ ಪಕ್ಕದ ಮೇಜು ನನ್ನದು, ಅದರ ಡ್ರಾಯರಿನಲ್ಲಿರುವ ಉಳಿಗಳು ನನ್ನವು, ಡ್ರಾಯರಿನ ಬೀಗದ ಕೈ ನನ್ನ ಕೊರಳಿನಲ್ಲಿರುತ್ತದೆ. ಮದುವೆ ಬೇಡ ಅಂದಾಗ ಮನೆಯವರು ಕೊನೆಗೂ ಸುಮ್ಮನಾದದ್ದು ಆ ಮೇಜಿನ ದೆಸೆಯಿಂದಲೇ. ಇವಳಿಗೆ ಕೆಲಸ ಇದೆ, ಬದುಕಿಕೊಳ್ಳುತ್ತಾಳೆ ಅಂತ.

ಮನೆಯಿಂದ ಕಾರ್ಖಾನೆಗೆ ಸೈಕಲ್ಲಿನಲ್ಲಿ ಹೋಗಿಬರುತ್ತಿದ್ದೆ. ಬರುವಾಗ ಒಂದು ಉದ್ದನೆಯ ಇಳಿಜಾರು. ಅಲ್ಲಿ ನನ್ನ ಬ್ರೇಕು ಕಿರ್ರೋ ಎಂದು ಕಿರುಚಿಕೊಳ್ಳುತ್ತಿತ್ತು. ಬೀದಿಯವರಿಗೆ ಅದು ಗಂಟೆಯ ಬದಲು. ಆ ಸದ್ದು ಕೇಳಿದರೆ ಅಮ್ಮ ಒಲೆಯ ಮೇಲೆ ಪಾತ್ರೆ ಇಡುತ್ತಿದ್ದಳು.

ಆ ಸಂಜೆ ಸದ್ದು ಬರಲಿಲ್ಲ. ಇಳಿಜಾರಿನ ಅರ್ಧದಲ್ಲಿ ಎರಡೂ ಬ್ರೇಕು ಒತ್ತಿದೆ. ಕಿರ್ ಎನ್ನಲಿಲ್ಲ, ಸೈಕಲ್ ನಿಧಾನವೂ ಆಗಲಿಲ್ಲ. ಇನ್ನೂ ಬಲವಾಗಿ ಒತ್ತಿದೆ. ಕೈ ನೋಯುವಷ್ಟು ಒತ್ತಿದೆ. ಬುಡದಲ್ಲಿ ಒಂದು ಲಾರಿ ಅಡ್ಡ ನಿಂತು ಸಿಮೆಂಟ್ ಇಳಿಸುತ್ತಿತ್ತು. ಮೂಟೆ ಹೊತ್ತವನಿಗೆ ಗುದ್ದಬಾರದು ಎಂದು ಹ್ಯಾಂಡಲ್ ತಿರುಗಿಸಿದ್ದು ನೆನಪಿದೆ. ರಸ್ತೆಯಂಚಿನ ಕಲ್ಲಿಗೆ ನಡುಬೆನ್ನು ಬಡಿದದ್ದೂ ನೆನಪಿದೆ. ಆಮೇಲೆ ಆಕಾಶ ನೋಡುತ್ತ ಮಲಗಿದ್ದೆ. ಕಾಲ್ಬೆರಳು ಅಲ್ಲಾಡುತ್ತವಾ ಎಂದು ಯಾರೋ ಕೇಳುತ್ತಿದ್ದರು. ಅಲ್ಲಾಡಿದವು.

ಬೆನ್ನುಮೂಳೆಯ ಒಂದು ಎಲುಬು ಅದುಮಿಕೊಂಡು ಬಿರುಕು ಬಿಟ್ಟಿದೆ, ನರಕ್ಕೆ ಏನೂ ಆಗಿಲ್ಲ, ಪುಣ್ಯವಂತೆ ಎಂದರು ಡಾಕ್ಟರು. ಆ ಪುಣ್ಯದಲ್ಲಿ ಮಗ್ಗುಲು ಬದಲಿಸಲು ಇಬ್ಬರು ಬೇಕಿತ್ತು. ಸೀನು ಬಂದರೆ ಜೀವ ಹೋಗಿ ಬಂದಂತಾಗುತ್ತಿತ್ತು. ಕಂಕುಳಿಂದ ಸೊಂಟದವರೆಗೆ ಗಟ್ಟಿ ಬೆಲ್ಟು ಬಿಗಿದರು. ಬಗ್ಗಬೇಡಿ, ತಿರುಗಬೇಡಿ, ಭಾರ ಎತ್ತಬೇಡಿ. ಚಪ್ಪಲಿ ಹಾಕಿಕೊಳ್ಳಲೂ ಅಮ್ಮನನ್ನು ಕೂಗಬೇಕು. ಬಿದ್ದ ಬಾಚಣಿಗೆಯನ್ನು ಕಾಲಿನಿಂದ ಮಂಚದ ತನಕ ತಳ್ಳಿಕೊಂಡು ಹೋಗಿ, ಎತ್ತಲಾಗದೆ, ಅಲ್ಲೇ ಬಿಟ್ಟು ಅತ್ತಿದ್ದೇನೆ. ನೋವಿಗಲ್ಲ, ಸಿಟ್ಟಿಗೆ.

ಆ ಸಿಟ್ಟಿಗೆ ತುಪ್ಪ ಸುರಿಯಲು ನನ್ನನ್ನು ನೋಡಿಹೋಗಲು ಬಂದವರಿದ್ದರಲ್ಲ. ಒಬ್ಬೊಬ್ಬರೂ ಮಂಚದ ಪಕ್ಕ ಕೂತು, ಇನ್ನಾದರೂ ನಿಧಾನ ಕಲಿತುಕೋ ಎಂದರು. ಅಷ್ಟು ಜೋರಾಗಿ ಯಾಕೆ ಬಿಡಬೇಕಿತ್ತು ಎಂದರು. ನನಗೆ ಮನೆಯಲ್ಲಿ ಮೊದಲಿನಿಂದ ಚೂಟಿ ಎಂದೇ ಹೆಸರು, ಅದನ್ನೂ ಎಳೆದು ತಂದರು. ಬ್ರೇಕು ಹಿಡಿಯಲಿಲ್ಲ ಎಂದು ಬಂದವರಿಗೆಲ್ಲ ಹೇಳಿದೆ. ಬಾಗಿಲ ಹತ್ತಿರ ನಿಂತ ಅಣ್ಣ, ನೀನು ಹಿಡಿದಿದ್ದರೆ ತಾನೆ ಅದು ಹಿಡಿಯೋದು, ಎಂದ. ಎಲ್ಲರೂ ನಕ್ಕರು. ಯಾಕಿಷ್ಟು ಸದರ ನಾನು ಇವರಿಗೆಲ್ಲ ಎಂದು ಮೈಯೆಲ್ಲ ಉರಿಯಿತು. ನಗುವಂತಿಲ್ಲ ನಾನು, ನಕ್ಕರೆ ಬೆನ್ನು ನೋಯುತ್ತದೆ. ಬೈಯಲೂ ಉಸಿರು ಸಾಲದು.

ಬೆಲ್ಟು ಬಿಚ್ಚಿ, ಸ್ವಲ್ಪ ಸ್ವಲ್ಪ ನಡೆಯುವ ಹಾಗಾದ ಮೇಲೆ ಡಾಕ್ಟರು, ನಿಂತು ಮಾಡುವ ಹಗುರ ಕೆಲಸ ಶುರುಮಾಡಿ, ಒಳ್ಳೆಯದೇ ಎಂದರು. ಖುಷಿಯಿಂದ ಕಾರ್ಖಾನೆಗೆ ಹೋದೆ. ನನ್ನ ಮೇಜಿನ ಮೇಲೆ ಅಣ್ಣನ ಸಾಮಾನು ಹರಡಿತ್ತು. ಅಪ್ಪ ಮರ ಅಳೆಯುತ್ತಿದ್ದವನು ಮುಖ ಎತ್ತದೆ ಹೇಳಿದ: "ನೀನು ಇನ್ಮೇಲೆ ಮುಂದುಗಡೆ ಕೂತ್ಕೊ. ಫೋನು ಬರುತ್ತೆ, ಗಿರಾಕಿ ಬರ್ತಾರೆ. ಅವಸರದೋರ ಕೈಗೆ ಉಳಿ ಕೊಡೋದು ನಂಗೆ ಭಯ."

ಅವಸರದವಳು. ಒಂದು ಬೆನ್ನೊರಗಿನ ಬಾಗಿಗೆ ಎರಡು ದಿನ ತೆಗೆದುಕೊಳ್ಳುವ ನಾನು. ಅವನೇ ಎಷ್ಟು ಸಲ ಬೈದಿಲ್ಲ, ನೀನು ಮುಗಿಸೋದರೊಳಗೆ ಗಿರಾಕಿ ಮುದುಕನಾಗ್ತಾನೆ ಅಂತ. ಒಂದು ಸಲ ಬಿದ್ದದ್ದಕ್ಕೆ ಅಷ್ಟೂ ವರ್ಷದ ಕೆಲಸ ನೀರಿನಲ್ಲಿ ಹೋಮವಾಯಿತು. ವಾದ ಮಾಡಿದೆ. ಅಪ್ಪನಿಗೆ ಕೇಳಿಸಲಿಲ್ಲ, ಅಥವಾ ಕೇಳಿಸದವನ ಹಾಗೆ ಇದ್ದ. ಕಿವುಡಿನ ಅನುಕೂಲವನ್ನು ಅವನು ಚೆನ್ನಾಗಿ ಬಲ್ಲ.

ಮುಂದಿನ ವಾರ ಅಣ್ಣ ನನಗೊಂದು ಕುರ್ಚಿ ತಂದು ಮುಂಭಾಗದಲ್ಲಿಟ್ಟ. ಹೆಂಡತಿಗೆ ಒಂದು ಮಣೆ ಮಾಡಿಕೊಡಲು ಮೂರು ಸಲ ಗೊಣಗುವ ಮನುಷ್ಯ, ಕೇಳದೆಯೇ ಕುರ್ಚಿ ಮಾಡಿದ್ದ. ಒಳ್ಳೆಯ ಮರ, ಬೆನ್ನಿಗೆ ಎತ್ತರದ ಒರಗು, ಕೈಗೆ ಆಸರೆ. ಒಡಹುಟ್ಟಿದವನು ಅಂದರೆ ಹೀಗಿರಬೇಕು ಎಂದು ಅಮ್ಮ ಕಣ್ಣೊರೆಸಿಕೊಂಡಳು. ಬಂದ ಗಿರಾಕಿಗಳೆಲ್ಲ ಹೊಗಳಿದರು. ನಾನು ಕೂತು ನೋಡಿದೆ. ಒರಗು ನನ್ನನ್ನು ಮುಂದಕ್ಕೆ ದೂಡಿತು. ಬೆಲ್ಟು ಕಟ್ಟಿದ್ದಾಗ ಅಳತೆ ತೆಗೆದಿದ್ದ, ಪುಣ್ಯಾತ್ಮ. ಆ ಕುರ್ಚಿ ಬೆಲ್ಟಿಗೆ ಸರಿಯಾಗಿತ್ತು, ನನಗಲ್ಲ. ಹಾಗೆಂದು ಹೇಳಿದರೆ ಕೃತಘ್ನೆ ಎನ್ನಿಸಿಕೊಳ್ಳಬೇಕು. ಅಂಚಿನಲ್ಲಿ ಕೂತು, ಹಲ್ಲು ಕಚ್ಚಿಕೊಂಡು ಫೋನು ಎತ್ತಿದೆ. ಹಿಂದುಗಡೆ ನನ್ನ ಮೇಜಿನಲ್ಲಿ ಅಣ್ಣ ಟಕಟಕ ಬಡಿಯುತ್ತಿದ್ದ. ಜೋಡಣೆ ಬಡಿದು ಕೂಡಿಸುವುದಲ್ಲ, ತಳ್ಳಿ ಕೂಡಿಸುವುದು. ಪ್ರತಿ ಏಟೂ ನನ್ನ ಬೆನ್ನಿಗೇ ಬೀಳುತ್ತಿತ್ತು.

ಇಷ್ಟಾದ ಮೇಲೆ ಒಂದು ಬೆಳಿಗ್ಗೆ ಕಾರ್ಖಾನೆಗೆ ಗುಜರಿಯವನು ಬಂದ. ಅಣ್ಣ ನನ್ನನ್ನು ಒಂದು ಮಾತೂ ಕೇಳದೆ ನನ್ನ ಸೈಕಲ್ ಕೊಟ್ಟುಬಿಡಲು ಹೊರಟಿದ್ದ. ನನ್ನ ಸಾಮಾನು ಮಾರಲು ನೀನ್ಯಾರು ಎಂದು ಕೇಳಿದೆ. ಅದು ಸೊಟ್ಟಗಾಗಿದೆ, ನೀನಿನ್ನು ಹತ್ತೋದೂ ಇಲ್ಲ ಬಿಡು, ಎಂದ. ಹತ್ತುವುದೋ ಬಿಡುವುದೋ ನಾನು ಹೇಳುತ್ತೇನೆ ಎಂದು ಗುಜರಿಯವನನ್ನು ಕಳಿಸಿ ಹಿತ್ತಲಿನ ಶೆಡ್ಡಿಗೆ ಹೋದೆ.

ಸೈಕಲ್ಲನ್ನು ತೊಲೆಯ ಕೊಕ್ಕೆಗೆ ನೇತುಹಾಕಿದ್ದರು. ಬಗ್ಗಲಾರದ ನನ್ನ ಮುಖದ ಎದುರಿಗೇ ಮುಂದಿನ ಚಕ್ರ. ಹ್ಯಾಂಡಲ್ ತಿರುಚಿಕೊಂಡಿತ್ತು. ಚಕ್ರ ಸ್ವಲ್ಪ ಸೊಟ್ಟ, ಅಷ್ಟೆ. ತಿರುಗಿಸಿ, ಬ್ರೇಕು ಒತ್ತಿದೆ. ರಬ್ಬರು ಬಂದು ರಿಮ್ಮಿಗೆ ತಾಗಿತು. ಚಕ್ರ ನಿಲ್ಲದೆ ಜಾರುತ್ತ ತಿರುಗಿತು. ಸದ್ದಿಲ್ಲ. ರಿಮ್ಮಿನ ಮೇಲೆ ಹೆಬ್ಬೆರಳು ಸವರಿದೆ.

ಬೇರೆ ಯಾರಾದರೂ ಆಗಿದ್ದರೆ ಎಣ್ಣೆಯೋ ಕೊಳೆಯೋ ಎಂದುಕೊಳ್ಳುತ್ತಿದ್ದರು. ನಾನು ಹುಟ್ಟಿದಾಗಿನಿಂದ ಆ ನುಣುಪು ಮುಟ್ಟುತ್ತ ಬಂದವಳು. ಉಗುರಿನಿಂದ ಕೆರೆದೆ. ಬಿಳಿಯ ಸಣ್ಣ ಸುರುಳಿ ಎದ್ದು ಬಂತು. ಹಿಂದಿನ ಚಕ್ರಕ್ಕೂ ಹಾಗೆಯೇ, ಸುತ್ತಲೂ, ಎರಡೂ ಕಡೆ, ಅಚ್ಚುಕಟ್ಟಾಗಿ. ಮೇಣ.

ಅಣ್ಣನನ್ನು ಶೆಡ್ಡಿಗೆ ಕರೆದೆ. ಹೆಬ್ಬೆರಳನ್ನು ಅವನ ಮೂಗಿನ ಹತ್ತಿರ ಹಿಡಿದೆ. ಅವನು ಮೂಸಲೂ ಇಲ್ಲ, ನೋಡಲೂ ಇಲ್ಲ. ಮುಖ ಬೂದಿ ಬಳಿದ ಹಾಗಾಯಿತು.

"ಆ ಕಿರುಚಾಟ ನಿಲ್ಲಿಸೋ ಅಂತ ಅಪ್ಪ ದಿನಾ ಹೇಳ್ತಿದ್ದ," ಎಂದ. "ಅವತ್ತು ಮಧ್ಯಾಹ್ನ ಕೈಯಲ್ಲಿ ಮೇಣ ಇತ್ತು. ಯೋಚನೇನೇ ಮಾಡ್ಲಿಲ್ಲ ಕಣೇ. ಡ್ರಾಯರಿಗೆ ಹಚ್ಚಿದ ಹಾಗೆ ಹಚ್ಚಿಬಿಟ್ಟೆ."

"ನಿನಗೆ ಯಾವಾಗ ಗೊತ್ತಾಯ್ತು?"

"ಆಸ್ಪತ್ರೇಲಿ. ಬ್ರೇಕು ಹಿಡೀಲಿಲ್ಲ ಅಂದ್ಯಲ್ಲ, ಆವಾಗಲೇ."

ಆವಾಗಲೇ. ಹಾಗಾದರೆ ಬಾಗಿಲ ಹತ್ತಿರ ನಿಂತು ಎಲ್ಲರನ್ನೂ ನಗಿಸಿದಾಗ ಗೊತ್ತಿತ್ತು. ನನ್ನ ಮೇಜಿಗೆ ಅವನ ಸಾಮಾನು ಸಾಗಿಸಿದಾಗ ಗೊತ್ತಿತ್ತು. ಕುರ್ಚಿಗೆ ಮರ ಆರಿಸುವಾಗ, ಅಮ್ಮ ಕಣ್ಣೊರೆಸಿಕೊಳ್ಳುವಾಗ, ಗುಜರಿಯವನಿಗೆ ಹೇಳಿ ಕಳಿಸುವಾಗ ಎಲ್ಲ ಗೊತ್ತಿತ್ತು. ಮೇಣ ಹಚ್ಚಿದ್ದನ್ನು ಕ್ಷಮಿಸಿಯೇನು. ಅದು ನಮ್ಮ ಮನೆಯ ರೋಗ, ನನಗೂ ಇದೆ. ಆದರೆ ಇದು? ಅವನ ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಕೈ ಬೀಸಿದರೆ ಬೆನ್ನು ತಿರುಗುತ್ತದೆ, ಬೆನ್ನು ತಿರುಗಿಸಬಾರದು. ಅದಕ್ಕೂ ಅವನೇ ಕಾರಣ.

ಅಪ್ಪನಿಗೆ ಹೇಳು ಎಂದೆ. ಅವನು ಕೈ ಮುಗಿಯುವುದೊಂದು ಬಾಕಿ. ಸದ್ದು ನಿಲ್ಲಿಸು ಎಂದು ಹೇಳಿದ್ದು ಅಪ್ಪನೇ, ಗೊತ್ತಾದರೆ ಕೊರಗಿ ಕೊರಗಿ ಸಾಯುತ್ತಾನೆ, ವಯಸ್ಸಾಗಿದೆ, ಹೇಗೂ ನೀನು ಗುಣ ಆದೆಯಲ್ಲ, ಎಂದೆಲ್ಲ ಹಲುಬಿದ. ಅಪ್ಪನ ಮನಸ್ಸು ನೋಯಬಾರದು ಅಂತ ನನ್ನ ಬೆನ್ನು ಮುರಿದದ್ದು ನನ್ನ ತಪ್ಪಾಗಬೇಕಂತೆ. ಇವತ್ತು ಬಾಗಿಲು ಹಾಕುವುದರೊಳಗೆ ನೀನು ಹೇಳಬೇಕು, ನಾನು ಹೇಳಿದರೆ ಅದು ದೂರು, ನೀನು ಹೇಳಿದರೆ ಮಾತ್ರ ನಿಜ, ಎಂದು ಒಳಗೆ ಬಂದೆ.

ಮಧ್ಯಾಹ್ನ ಮೂವರೂ ಊಟಕ್ಕೆ ಕೂತೆವು. ಅಣ್ಣ ತಟ್ಟೆ ನೋಡಿಕೊಂಡು ಉಂಡ. ಅಪ್ಪ ಉಪ್ಪು ಕೇಳಿದ, ಕೊಟ್ಟ. ಬೇರೆ ಮಾತಿಲ್ಲ. ಅಣ್ಣ ಎದ್ದು ಕೈ ತೊಳೆದು ನನ್ನ ಮೇಜಿಗೆ ಹೋದ. ಮತ್ತೆ ಟಕಟಕ.

ಬಿಸಿಲು ಇಳಿಯುವ ಹೊತ್ತಿಗೆ ಹೋಟೆಲಿನ ಯಜಮಾನರು ಬಂದರು. ನಮ್ಮ ಹಳೆಯ ಗಿರಾಕಿ. ಮಾಡಲು ಕೊಟ್ಟಿದ್ದ ಕುರ್ಚಿ ನೋಡಲು ಬಂದವರು ನನ್ನನ್ನು ಕಂಡು ಮಾಮೂಲಿ ರಾಗ ತೆಗೆದರು. ಏನಮ್ಮ, ಇನ್ನಾದ್ರೂ ನಿಧಾನ ಕಲಿತ್ಯಾ? ಅಣ್ಣ ಪುಣ್ಯವಂತ, ಎಂಥ ಕುರ್ಚಿ ಮಾಡಿಕೊಟ್ಟಿದ್ದಾನೆ ನೋಡು.

ನಾನು ಎದ್ದೆ. ನಿಧಾನವಾಗಿಯೇ ಎದ್ದೆ, ಹಾಗೆಯೇ ಏಳಬೇಕು ಎಂದಿದ್ದಾರೆ. "ಅಣ್ಣ, ಇಲ್ಲಿ ಬಾ. ಇದರಲ್ಲಿ ಕೂತ್ಕೊ."

ಬಂದ. ಅವರ ಎದುರಿಗೆ ಬೇಡವೆನ್ನಲಾರದೆ ಕೂತ. ಒರಗು ಅವನನ್ನೂ ಮುಂದಕ್ಕೆ ದೂಡಿತು.

"ಯಜಮಾನರು ಕೇಳ್ತಿದಾರೆ. ಹೇಳು."

ಅವನ ತುಟಿ ಅಲ್ಲಾಡಿತು. ಹೋಟೆಲಿನವರು ನನ್ನ ಮುಖ, ಅವನ ಮುಖ ನೋಡಿದರು. ಅಪ್ಪ ಒಳಗೆ ಹಲಗೆ ಉಜ್ಜುತ್ತಿದ್ದ.

"ಅವಳು ಜೋರಾಗಿ ಬಿಟ್ಟಿರ್ಲಿಲ್ಲ," ಎಂದ ಅಣ್ಣ, ಎದೆಯೊಳಗೇ. "ಬ್ರೇಕಿಗೆ ನಾನು ಮೇಣ ಹಚ್ಚಿದ್ದೆ."

"ಜೋರಾಗಿ ಹೇಳು. ಅಪ್ಪನಿಗೆ ಕೇಳಿಸ್ಬೇಕು."

ಅವನು ನನ್ನನ್ನು ನೋಡಿದ. ನಾನು ಕಣ್ಣು ತೆಗೆಯಲಿಲ್ಲ. ಎರಡನೇ ಸಲ ಅವನು ಕೂಗಿದ, ದನಿ ಒಡೆಯುವ ಹಾಗೆ. ಬೀದಿಯಲ್ಲಿ ಹೋಗುತ್ತಿದ್ದ ಒಬ್ಬರು ತಿರುಗಿ ನೋಡಿದರು. ಒಳಗೆ ಉಜ್ಜುವ ಸದ್ದು ನಿಂತಿತು.

ಅಪ್ಪ ಬಂದು ಬಾಗಿಲಲ್ಲಿ ನಿಂತ. "ಆಂ?" ಎನ್ನಲಿಲ್ಲ. ಅಣ್ಣನನ್ನು ನೋಡಿದ, ನನ್ನನ್ನು ನೋಡಿದ, ಕೊನೆಗೆ ತನ್ನ ಜೇಬಿಗೆ ಕೈ ಹಾಕಿ ಮೇಣದ ತುಂಡು ತೆಗೆದು ಅದನ್ನು ನೋಡಿದ.

"ಸದ್ದು ನಿಲ್ಸು ಅಂದೋನು ನಾನೇ," ಎಂದ. "ಅವತ್ತು ಮಧ್ಯಾಹ್ನ ನಿಲ್ಲಿಸ್ದೆ ಅಂತ ಇವನು ಹೇಳಿದಾಗ ಶಭಾಷ್ ಅಂತಾನೂ ಅಂದಿದ್ದೆ."

ಹೋಟೆಲಿನವರು ನಾಳೆ ಬರುತ್ತೇನೆ ಎಂದು ಮೆಲ್ಲಗೆ ಹೊರಟುಹೋದರು. ಅಪ್ಪ ಒಳಗೆ ಹೋಗಿ ಕಿಟಕಿಯ ಪಕ್ಕದ ಮೇಜಿನಿಂದ ಅಣ್ಣನ ಸುತ್ತಿಗೆ, ಅಳತೆಪಟ್ಟಿ, ಗೋಂದಿನ ಡಬ್ಬಿ ಒಂದೊಂದಾಗಿ ಎತ್ತಿ ಅತ್ತ ಇಟ್ಟ. ಅಂಗೈಯಿಂದ ಮರದ ಪುಡಿ ಗುಡಿಸಿದ. ಕ್ಷಮಿಸು ಅನ್ನಲಿಲ್ಲ. ಅಂದಿದ್ದರೂ ನನ್ನ ಸಿಟ್ಟು ಇಳಿಯುತ್ತಿರಲಿಲ್ಲ. ಈಗಲೂ ಇಳಿದಿಲ್ಲ. ಅಣ್ಣ ಆ ಕುರ್ಚಿಯಲ್ಲೇ ತಲೆ ತಗ್ಗಿಸಿ ಕೂತಿದ್ದ, ಫೋನು ಹೊಡೆದುಕೊಂಡಾಗ ಅವನೇ ಎತ್ತಿದ.

ನಾನು ಮೇಜಿನ ಎದುರು ನಿಂತೆ. ಕೊರಳಿನ ಬೀಗದ ಕೈ ತೆಗೆದು ಡ್ರಾಯರಿಗೆ ಹಾಕಿದೆ. ನಾನಿಲ್ಲದ ಇಷ್ಟು ವಾರ ಯಾರೂ ತೆಗೆಯದೆ ಮರ ಉಬ್ಬಿ ಬಿಗಿಯಾಗಿತ್ತು. ಎಳೆದೆ.

ಕಿರ್ರ್ ಎಂದಿತು. ಇಡೀ ಕಾರ್ಖಾನೆಗೆ ಕೇಳಿಸುವ ಹಾಗೆ.

ಅಪ್ಪ ತಲೆ ಎತ್ತಿದ. ಮುಂದುಗಡೆ ಅಣ್ಣನೂ ತಿರುಗಿದ. ನಾನು ಇಬ್ಬರನ್ನೂ ನೋಡುತ್ತ ಡ್ರಾಯರನ್ನು ಮತ್ತೆ ಒಳಗೆ ತಳ್ಳಿ, ಮತ್ತೆ ಎಳೆದೆ. ಯಾರ ಕೈಯೂ ಜೇಬಿಗೆ ಹೋಗಲಿಲ್ಲ.