ಏಜೆಂಟನನ್ನು ಅಲ್ಲಾಡಿಸಿ ನೋಡಿದ್ದು

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ಈ ಬಯ್ಯಪ್ಪನ ಕಿವಿಗೆ ಹೆದರದ ರೇಷ್ಮೆಗೂಡಿಲ್ಲ. ಕೊಳ್ಳುವ ಮುಂಚೆ ಗುಣ ನೋಡಲು ಕಿವಿಯ ಬಳಿ ಹಿಡಿದು ಒಮ್ಮೆ ಅಲ್ಲಾಡಿಸಿದರೆ ಸಾಕು, ಒಳಗಿನ ಹುಳು ತನ್ನ ಊರು, ತಾಯಿಯ ಹೆಸರು ಎರಡನ್ನೂ ಒಪ್ಪಿಸುತ್ತದೆ. ಇಂಥ ನಾನು ಹೋದ ತಿಂಗಳು ಒಬ್ಬ ಏಜೆಂಟನನ್ನು ಅಲ್ಲಾಡಿಸದೆಯೇ ಮನೆಯೊಳಗೆ ಕರೆದು ಕಾಫಿ ಕೊಟ್ಟೆ.

ನನ್ನ ಮಗಳು ಹರಿತಾಳಿಗೆ ಹತ್ತೊಂಬತ್ತು ವರ್ಷ. ಹೊರರಾಜ್ಯದ ದೊಡ್ಡ ಅಂಗಡಿಯಲ್ಲಿ ಕೆಲಸ, ಊಟ ವಸತಿ ಉಚಿತ, ಸೋಮವಾರವೇ ಹೊರಡಬೇಕು ಎಂದ ಆ ಏಜೆಂಟ್. ನನ್ನ ಕಣ್ಣಿಗೆ ಆ ಅಂಗಡಿ ನಂದಿಬೆಟ್ಟಕ್ಕಿಂತ ಒಂದು ಗೇಣು ಎತ್ತರವಾಗಿ ಕಂಡಿತು.

ಪಕ್ಕದ ಮನೆಯ ವಜೀರುನ್ನೀಸಾ ರೇಷ್ಮೆ ನೂಲು ಬಿಚ್ಚುವವರು, ಹೆಣ್ಣುಮಕ್ಕಳು, ಮಕ್ಕಳ ಸಾಗಣೆ ತಡೆಯಲೆಂದು ಇರುವ ಪಂಚಾಯ್ತಿಯ ಕಾವಲು ಸಮಿತಿಯ ಸದಸ್ಯೆ ಕೂಡ. ಸುದ್ದಿ ಕೇಳಿ ಬಂದರು.

“ಅಣ್ಣಾ, ಅಂಗಡಿ ಹೆಸರೇನು?”

“ದೊಡ್ಡ ಅಂಗಡಿ ಕಣಮ್ಮ.”

“ದೊಡ್ಡ ಅಂಗಡಿ ಅಂತಾನೇ ಬೋರ್ಡು ಬರೆಸವ್ರಾ? ಯಾವ ಊರು?”

“ರೈಲು ಇಳಿದ ಮೇಲೆ ಹೇಳ್ತಾರಂತೆ.”

“ಮಗು ಆಧಾರ್ ಕಾರ್ಡು?”

“ಅವರ ಹತ್ರಾನೇ ಜೋಪಾನವಾಗಿರುತ್ತಂತೆ.”

“ಗೂಡನ್ನ ಹತ್ತು ಸಲ ಅಲ್ಲಾಡಿಸ್ತೀಯ. ಮಗಳನ್ನ ಕರ್ಕೊಂಡೋಗೋನ್ನ ಒಂದ್ಸಲಾನೂ ಅಲ್ಲಾಡಿಸಲ್ವಾ? ಮಾನವ ಕಳ್ಳಸಾಗಣೆ ಅಂದ್ರೆ ಇದೇ ಅಣ್ಣಾ. ಈ ಕಳ್ಳ ಗೋಡೆ ಹಾರಲ್ಲ, ಕಾಫಿ ಕುಡ್ಕೊಂಡೇ ಹೋಗ್ತಾನೆ.”

ಮರುದಿನ ಏಜೆಂಟ್ ಬಂದ. ನಾನು ಬಾಯಿ ತೆರೆಯುವ ಮುಂಚೆ ಹರಿತಾ ಕೇಳಿದಳು: “ಅಲ್ಲಿ ಕೆಲಸ ಮಾಡ್ತಿರೋ ಒಬ್ಬರ ಹತ್ರ ಫೋನಲ್ಲಿ ಮಾತಾಡಿಸಿ.”

“ಅಲ್ಲಿ ಫೋನ್ ಬಿಡಲ್ಲಮ್ಮ.”

“ಹಂಗಾದ್ರೆ ಪಂಚಾಯ್ತಿಗೆ ಬಂದು ನಿಮ್ಮ ಹೆಸರು, ವಿಳಾಸ ಬರೆಸಿ.”

ಬೈಕಿಗೆ ಪೆಟ್ರೋಲ್ ಹಾಕಿಸಿ ಬರುತ್ತೇನೆಂದು ಹೋದವನು ಅರಬ್ ದೇಶದ ಎಣ್ಣೆಬಾವಿಯವರೆಗೂ ಹೋಗಿರಬೇಕು, ಇನ್ನೂ ಬಂದಿಲ್ಲ. ವಜೀರುನ್ನೀಸಾ ಅವನ ಬೈಕ್ ನಂಬರನ್ನು ಪೊಲೀಸರ 112ಕ್ಕೆ ತಿಳಿಸಿದರು.

ನಿಜ ಹೇಳಬೇಕೆಂದರೆ, ಬರೆಸಲು ಪಂಚಾಯ್ತಿಯಲ್ಲಿ ಪುಸ್ತಕವೇ ಇರಲಿಲ್ಲ. ಗ್ರಾಮಸಭೆಯಲ್ಲಿ ಹರಿತಾ ಎದ್ದು ನಿಂತಳು. “ಮಾರ್ಕೆಟ್ಟಲ್ಲಿ ಗೂಡಿನ ರಾಶಿಗೂ ಒಂದು ಲಾಟ್ ನಂಬರ್ ಇದೆ. ಕೆಲಸಕ್ಕೆ ಅಂತ ಊರು ಬಿಡೋರು ಯಾರ ಜೊತೆ, ಎಲ್ಲಿಗೆ ಹೋದ್ರು ಅಂತ ಒಂದು ಪುಸ್ತಕ ಬೇಡ್ವಾ? ರಾಜ್ಯ ದಾಟಿದ್ರೆ ಆಮೇಲೆ ಯಾರು ನೋಡ್ತಾರೆ?”

ಸಭೆಯಲ್ಲಿದ್ದವರೆಲ್ಲ ಕೈ ಎತ್ತಿದರು. ಆದ್ದರಿಂದ ಠರಾವಾಯಿತು: ಪುಸ್ತಕ ಇಡಬೇಕು, ಕಾವಲು ಸಮಿತಿ ತಿಂಗಳಿಗೊಮ್ಮೆ ಸೇರಬೇಕು. ಪ್ರತಿ ಪಂಚಾಯ್ತಿಯಲ್ಲೂ ಹೀಗೇ ಆಗಲಿ, ಹೊರರಾಜ್ಯದ ಪೊಲೀಸರೊಂದಿಗೆ ಸೇರಿ ವಿಳಾಸ ಪರಿಶೀಲಿಸುವ ವ್ಯವಸ್ಥೆ ಬರಲಿ ಎಂದು ರಾಜ್ಯ ಸರ್ಕಾರಕ್ಕೂ ಬರೆದೆವು.

ಈಗ ಪುಸ್ತಕದ ಮೊದಲ ಸಾಲು ಹರಿತಾಳದೇ: ಗೌರಿಬಿದನೂರಿನ ಒಂದು ಗಾರ್ಮೆಂಟ್ಸ್‌ನಲ್ಲಿ ಕೆಲಸ, ಪೂರ್ತಿ ವಿಳಾಸದ ಸಮೇತ. ಅದರ ಗೇಟನ್ನು ನಾನೇ ಖುದ್ದಾಗಿ ಅಲ್ಲಾಡಿಸಿ ಬಂದಿದ್ದೇನೆ.

ನಿಮ್ಮ ಪಂಚಾಯ್ತಿಯಲ್ಲಿ ಆ ಪುಸ್ತಕ ಇದೆಯೇ? ಮುಂದಿನ ಗ್ರಾಮಸಭೆಯಲ್ಲಿ ಕೇಳಿ. ಅನುಮಾನ ಬಂದರೆ 112, ಮಕ್ಕಳ ವಿಷಯವಾದರೆ 1098, ಹೆಣ್ಣುಮಕ್ಕಳಿಗೆ 181. ನನ್ನಂಥ ಕಿವಿ ಎಲ್ಲರಿಗೂ ಇರಲು ಸಾಧ್ಯವಿಲ್ಲ, ಒಪ್ಪುತ್ತೇನೆ. ಆದರೆ ಅಲ್ಲಾಡಿಸಲು ಕೈ ಇದೆಯಲ್ಲ.