ಎರಡನೇ ಗುದ್ದು

೧
ಎಲ್ಲಿಂದ ಶುರು ಮಾಡಲಿ? ಆಪರೇಷನ್ ಥಿಯೇಟರಿನಿಂದಾದರೆ ನೀವು ಉಸಿರು ಬಿಗಿಹಿಡಿದು ಓದುತ್ತೀರಿ. ಆದರೆ ಅಲ್ಲಿಗೆ ನನ್ನನ್ನು ಬಿಡುವುದಿಲ್ಲ. ಹಾಗಾಗಿ ಪ್ರಿಂಟರಿನಿಂದ.

೨
ಆಸ್ಪತ್ರೆಯ ಲ್ಯಾಬಿನಲ್ಲಿ ಒಂದು ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್. ಅದರ ಪಿನ್ನುಗಳು ಶಾಯಿ ಹಚ್ಚಿದ ರಿಬ್ಬನ್ನಿಗೆ ಗುದ್ದುತ್ತವೆ, ಲೇಬಲ್ಲಿನ ಮೇಲೆ ಚುಕ್ಕಿ ಬೀಳುತ್ತದೆ, ಚುಕ್ಕಿಗಳು ಕೂಡಿ ಅಂಕಿಯಾಗುತ್ತವೆ. ಶಾಯಿಯಲ್ಲಿ ಕಬ್ಬಿಣದ ಅಂಶವಿದೆ. ಪಕ್ಕದ ಯಂತ್ರ ಅದನ್ನು ಅಯಸ್ಕಾಂತವಾಗಿಸಿ ರಕ್ತದ ಟ್ಯೂಬಿನ ನಂಬರು ಓದುತ್ತದೆ, ಹಸಿರು ದೀಪ ಹತ್ತಿಸಿ ಆ ರಕ್ತವನ್ನು ಪರೀಕ್ಷಿಸುತ್ತದೆ. ಓದಲಾಗದ ಟ್ಯೂಬನ್ನು ಮುಟ್ಟುವುದಿಲ್ಲ. (ಪಾಠ ಮುಗಿಯಿತು. ಆಕಳಿಸಿದವರು ಎದ್ದು ಕೂರಬಹುದು.)

೩
ಪ್ರಿಂಟರ್ ನೋಡಿಕೊಳ್ಳುವವಳನ್ನು ಅಕ್ಕ ಎನ್ನೋಣ. ಅವಳ ಒಡಹುಟ್ಟಿದ ತಂಗಿ ಹೆರಿಗೆಯಾಗಿ, ರಕ್ತಸ್ರಾವ ನಿಲ್ಲದೆ, ಮೇಲಿನ ಮಹಡಿಯಲ್ಲಿದ್ದಾಳೆ. ಯಾವ ರಕ್ತ ಹೊಂದುತ್ತದೆಂದು ಯಂತ್ರ ಹೇಳಬೇಕು. ರಿಬ್ಬನ್ ಸವೆದಿದೆ. ತಂಗಿಯ ಟ್ಯೂಬಿನ ಲೇಬಲ್ಲಿನ ನಂಬರು ಕಣ್ಣಿಗೆ ಕಾಣುತ್ತದೆ. ಯಂತ್ರಕ್ಕೆ ಅದು ಖಾಲಿ ಕಾಗದ.

[ಮೊದಲ ಕರಡಿನಲ್ಲಿ ಒಬ್ಬ ಹೊಸ ರಿಬ್ಬನ್ ಹಿಡಿದು ಓಡಿ ಬಂದಿದ್ದ. ಹರಿದು ಹಾಕಿದೆ. ಅಂಥ ಪುಣ್ಯಾತ್ಮರು ಕರಡುಗಳಲ್ಲಷ್ಟೇ ಓಡುತ್ತಾರೆ. ಎರಡನೆಯದರಲ್ಲಿ ತಂಗಿ ಸತ್ತಳು. ಕಥೆಗೆ ತೂಕ ಬಂತು, ನನಗೆ ನಾಚಿಕೆಯಾಯಿತು.]

೪
ಉಳಿದದ್ದು ಒಂದೇ ದಾರಿ. ಹೊಸ ಲೇಬಲ್ ಗುದ್ದಿಸಿ, ರೋಲನ್ನು ಕೈಯಿಂದ ಹಿಂದಕ್ಕೆ ತಿರುಗಿಸಿ, ಅದೇ ಚುಕ್ಕಿಗಳ ಮೇಲೆ ಇನ್ನೊಮ್ಮೆ ಗುದ್ದಿಸುವುದು. ಶಾಯಿ ದಪ್ಪವಾಗುತ್ತದೆ. ಆದರೆ ಕಾಗದ ಕೂದಲೆಳೆಯಷ್ಟು ಜರುಗಿದರೂ ತಂಗಿಯ ನಂಬರಿನ ಕೊನೆಯ ಅಂಕಿಯಾದ ಮೂರು, ಎಂಟಿನಂತಾಗುತ್ತದೆ.

ಅಕ್ಕ ತಿರುಗಿಸಿದಳು, ಗುದ್ದಿಸಿದಳು, ಟ್ಯೂಬಿಗೆ ಅಂಟಿಸಿದಳು. ನಾನು "ಹಸಿರು ದೀಪ ಹತ್ತಿತು, ಶುಭಂ" ಎಂದು ಬರೆದು ಕೈ ತೊಳೆದುಕೊಳ್ಳಹೊರಟೆ. ಅವಳು ಕಥೆಯೊಳಗಿಂದಲೇ ನನ್ನತ್ತ ತಿರುಗಿದಳು.

"ಶುಭಂ ಅಳಿಸಿ. ಎಂಟು ಅಂತ ಓದ್ಕೊಂಡ್ರೂ ಹಸಿರೇ ಹತ್ತುತ್ತೆ. ಆ ನಂಬರಿನ ಹೆಂಗಸೂ ಮೇಲೆ ರಕ್ತಕ್ಕೆ ಕಾಯ್ತಿದಾಳೆ. ನನ್ನ ತಂಗಿ ರಿಪೋರ್ಟು ಅವಳಿಗೆ ಹೋದ್ರೆ, ಹೊಂದದ ರಕ್ತ ಏರಿಸ್ಕೊಂಡು ಅವಳು, ರಕ್ತ ಸಿಗದೆ ಇವಳು, ಇಬ್ರೂ ಉಳಿಯಲ್ಲ."

ಅಳಿಸಿದೆ. ಕಥೆಗಾರನೆಂಬ ನನ್ನ ಜಂಭವೂ ಅದರೊಂದಿಗೇ ಹೋಯಿತು.

೫
ಯಂತ್ರ ಏನನ್ನು ಓದಿಕೊಂಡಿದೆಯೋ ಅದನ್ನೇ ಜೋರಾಗಿ ಓದುವಂತೆ ಪರದೆಯ ಮುಂದಿದ್ದ ಸಹೋದ್ಯೋಗಿಗೆ ಅವಳು ಹೇಳಿದಳು. ಅವನು ನಿಧಾನವಾಗಿ ಓದಿದ: ಏಳು, ಸೊನ್ನೆ, ನಾಲ್ಕು. ಕೊನೆಯ ಅಂಕಿಗೆ ಬಂದು ಕನ್ನಡಕ ತೆಗೆದ, ಅಂಗಿಯ ತುದಿಯಲ್ಲಿ ಒರೆಸತೊಡಗಿದ. ಅಕ್ಕನ ಕೈ ಮೇಜಿನ ಅಂಚನ್ನು ಹಿಡಿದಿತ್ತು. ನನಗೆ ತಡೆಯಲಾಗಲಿಲ್ಲ, ಪೆನ್ನು ಎತ್ತಿದೆ.

"ನೀವು ಹೇಳ್ಬೇಡಿ," ಎಂದಳು ನನಗೆ. "ನೀವು ಮೂರು ಅಂದ್ರೆ ನಾನು ನಂಬಿಬಿಡ್ತೀನಿ."

ಓದುಗರೇ, ನನಗೂ ಮೂರೇ ಬೇಕು. ಅದಕ್ಕೇ ಬರೆಯುತ್ತಿಲ್ಲ.