ಎರಡು ಬೊಚ್ಚುಬಾಯಿ

ನಮ್ಮ ಹೊಲಿಗೆ ಅಂಗಡಿಯಲ್ಲಿ ಗುಂಡಿ ಹಾಕುವುದಿಲ್ಲ. ಹುಕ್ಕು, ಲಾಡಿ, ಜಿಪ್ಪು ಏನು ಬೇಕಾದರೂ ಹಾಕಿಕೊಡುತ್ತೇವೆ. ಗುಂಡಿಯೇ ಬೇಕೆಂದರೆ ಕಾಜ ಮಾತ್ರ ಹೊಲಿದು ಎದುರು ಸಾಲಿನ ಅಂಗಡಿಯನ್ನು ತೋರಿಸುತ್ತೇವೆ. "ಇದೆಂಥ ಟೈಲರ್ ಅಂಗಡಿರೀ" ಎಂದು ಒಬ್ಬ ಗುಮಾಸ್ತ ಗೊಣಗಿದಾಗ, "ಇಷ್ಟ ಇದ್ರೆ ಹೊಲಿಸಿ, ಇಲ್ಲಾಂದ್ರೆ ಬಟ್ಟೆ ಸುತ್ಕೊಂಡು ಹೋಗಿ" ಎಂದು ನಾನೇ ದಬಾಯಿಸಿ ಕಳಿಸಿದ್ದೆ. ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಬೀದಿಗೆಲ್ಲ ಗೊತ್ತು. ಹಾಗಾಗಿ ಕಾರಣ ಯಾರೂ ಕೇಳುವುದಿಲ್ಲ.

ನನ್ನ ಮೊದಲ ಮೊಮ್ಮಗ, ಇನ್ನೂ ಅಂಬೆಗಾಲಿಡುತ್ತಿದ್ದವನು, ಕತ್ತರಿಸುವ ಮೇಜಿನ ಕೆಳಗೆ ಬಿದ್ದಿದ್ದ ಅಂಗಿಯ ಗುಂಡಿಯೊಂದನ್ನು ಬಾಯಿಗೆ ಹಾಕಿಕೊಂಡ. ನಾನು ಪೇಟೆಗೆ ಹೋಗಿದ್ದೆ. ಮನೆಯೇ ಅಂಗಡಿ, ಮಗ ಮುಂಬಾಗಿಲಲ್ಲಿ ಗಿರಾಕಿಯ ಅಳತೆ ತೆಗೆಯುತ್ತಿದ್ದ. ಸೊಸೆ ಮಗುವಿದ್ದ ಒಳಗಿನ ಕೋಣೆಯಲ್ಲೇ, ಬೆನ್ನು ಮಾಡಿ ಕುಳಿತು, ಮಿಷನ್ ಓಡಿಸುತ್ತಿದ್ದಳು. ಅವಳು ತಿರುಗಿ ನೋಡುವಷ್ಟರಲ್ಲಿ ಎಲ್ಲ ಮುಗಿದಿತ್ತು. ಆ ಗುಂಡಿ ಯಾರ ಕೈಯಿಂದ ಬಿದ್ದಿತ್ತೆಂದು ನಾವು ಮೂವರೂ ಒಬ್ಬರನ್ನೊಬ್ಬರು ಇವತ್ತಿಗೂ ಕೇಳಿಲ್ಲ. ಡಬ್ಬಿಗಟ್ಟಲೆ ಗುಂಡಿಯನ್ನು ಮಗ ಎಲ್ಲಿಗೋ ಒಯ್ದು ಸುರಿದು ಬಂದ.

ಎಷ್ಟೋ ವರ್ಷಗಳ ಮೇಲೆ ಹುಟ್ಟಿದವಳು ಈ ಮೊಮ್ಮಗಳು. ಹತ್ತು ತಿಂಗಳು ತುಂಬಿದರೂ ಬಾಯಲ್ಲಿ ಒಂದು ಹಲ್ಲಿಲ್ಲ. ಬೊಚ್ಚಿ ಎಂದು ಕರೆಯಲು ಶುರುಮಾಡಿದವಳು ನಾನೇ. ಹಾಗೆ ಕರೆಯುವ ಯೋಗ್ಯತೆ ನನಗೇನೂ ಇರಲಿಲ್ಲ. ನನ್ನ ಬಾಯಲ್ಲಿರುವುದು ಮೇಲೆ ಕೆಳಗೆ ಎರಡೂ ಕಟ್ಟಿಸಿದ ಹಲ್ಲು. ಅದು ಮನೆಯವರಿಗೆಲ್ಲ ಗೊತ್ತು, ಆದರೆ ಅದಿಲ್ಲದ ನನ್ನ ಮುಖವನ್ನು ಒಬ್ಬರೂ ನೋಡಿಲ್ಲ. ಬಚ್ಚಲ ಬಾಗಿಲಿಗೆ ಚಿಲಕ ಹಾಕಿಯೇ ತೊಳೆಯುತ್ತೇನೆ. ಜಂಬ ಅನ್ನಿ, ಇನ್ನೇನಾದರೂ ಅನ್ನಿ, ಈ ವಯಸ್ಸಿನಲ್ಲಿ ನನಗೆ ಉಳಿದಿದ್ದ ಜಂಬ ಅದೊಂದೇ.

ಸೊಸೆ ಮಗುವಿಗೆ ಏನು ಬೇಯಿಸಿದರೂ ಅರೆದು ನುಣ್ಣಗೆ ಮಾಡಿ, ಅಸ್ತರಿಗೆಂದು ತಂದ ಮಲ್ಮಲ್ ಬಟ್ಟೆಯಲ್ಲಿ ಸೋಸಿ, ಅದನ್ನೇ ಇನ್ನೊಮ್ಮೆ ಸೋಸುತ್ತಿದ್ದಳು. ಗಿರಾಕಿಗಳ ರವಿಕೆಗೆ ಹೋಗಬೇಕಾದ ಬಟ್ಟೆ ಅಡುಗೆಮನೆಯ ಹಗ್ಗದ ಮೇಲೆ ಕ್ಯಾರೆಟ್ ಬಣ್ಣ ಹಿಡಿದು ಒಣಗುತ್ತಿತ್ತು. ಕೊನೆಗೆ ಬಟ್ಟಲಲ್ಲಿ ಉಳಿಯುತ್ತಿದ್ದುದು ಬಣ್ಣದ ನೀರು. ಇನ್ನೊಂದು ನೇಮವೂ ಅವಳಿಗಿತ್ತು. ಮಗು ಎದ್ದಿದ್ದರೆ ಮಿಷನ್ ಮುಟ್ಟುತ್ತಿರಲಿಲ್ಲ. ಕೈಹೊಲಿಗೆ ಹಿಡಿದು, ಮೈಯೆಲ್ಲ ಕಿವಿಯಾಗಿ ಮಗುವಿನ ಪಕ್ಕ ಕೂರುತ್ತಿದ್ದಳು. ಮಗು ಮಲಗಿದ ಮೇಲೆಯೇ ಮಿಷನ್ನಿನ ಸದ್ದು. ಮಗು ಕಣ್ಣೆದುರಿಗೇ ಇರಲಿ ಅಂತ ಹಾಗೆ ಮಾಡುತ್ತಾಳೆಂದು ನಾನು ತಿಳಿದಿದ್ದೆ.

ಈಚೆಗೆ ಬೊಚ್ಚಿ ಆ ನೀರನ್ನೂ ಬೇಡ ಎನ್ನತೊಡಗಿದಳು. ಚಮಚ ಕಂಡರೆ ತುಟಿ ಬಿಗಿದು ಮುಖ ತಿರುಗಿಸುವಳು. ನಮ್ಮ ತಟ್ಟೆಗೆ ಮಾತ್ರ ಕೈ ಚಾಚುವಳು. ತೂಕ ನಿಂತಲ್ಲೇ ನಿಂತಿತು. ಆಸ್ಪತ್ರೆಗೆ ಕರೆದೊಯ್ದಾಗ ನರ್ಸಮ್ಮ ತಕ್ಕಡಿ ನೋಡಿ ಮುಖ ಚಿಕ್ಕದು ಮಾಡಿಕೊಂಡಳು.

"ಇನ್ನೂ ಸೋಸಿ ಕೊಡ್ತಿದ್ದೀರಾ? ಹಲ್ಲಿಗೆ ಕಾಯ್ಬೇಡಿ. ಮೆತ್ತಗೆ ಬೇಯಿಸಿ ತುಂಡು ಕೊಡಿ, ಅವಳೇ ಹಿಡ್ಕೊಂಡು ತಿನ್ಲಿ."

ತುಂಡು ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಸೊಸೆ ಮಗುವನ್ನು ಎತ್ತಿಕೊಂಡು ಹೊರಗೆ ನಡೆದುಬಿಟ್ಟಳು. ಉಳಿದದ್ದನ್ನು ನಾನೊಬ್ಬಳೇ ಕೇಳಿಸಿಕೊಂಡೆ. ನೆಟ್ಟಗೆ ಕೂರಿಸಬೇಕು, ಪಕ್ಕ ಬಿಟ್ಟು ಏಳಬಾರದು. ತುಂಡು ಬೆರಳುದ್ದ ಇರಬೇಕು, ಎರಡು ಬೆರಳಲ್ಲಿ ಒತ್ತಿದರೆ ಜಜ್ಜಿಹೋಗಬೇಕು. ಮೊದಮೊದಲು ಓಕರಿಸುತ್ತಾಳೆ, ಕೆಮ್ಮುತ್ತಾಳೆ, ಗಾಬರಿಯಾಗಿ ಬಾಯಿಗೆ ಬೆರಳು ಹಾಕಬಾರದು. ಸದ್ದು ಬರುತ್ತಿದ್ದರೆ ಉಸಿರು ಆಡುತ್ತಿದೆ ಎಂದರ್ಥ. ಸದ್ದಿಲ್ಲದೆ ಹೋದರೆ ಮಾತ್ರ ಅಪಾಯ, ಆಗ ಹೀಗೆ ಕವುಚಿ ಹಿಡಿದು ಬೆನ್ನಿಗೆ ಹೊಡೆಯಬೇಕು ಎಂದು ಒಂದು ಗೊಂಬೆಯ ಮೇಲೆ ಮಾಡಿ ತೋರಿಸಿ, ನನ್ನ ಕೈಯಲ್ಲೂ ಮಾಡಿಸಿದಳು.

ಮಾರನೆಯ ದಿನ ಮಧ್ಯಾಹ್ನ ಮಗುವನ್ನು ಸೊಂಟಕ್ಕೆ ಪಟ್ಟಿ ಇರುವ ಎತ್ತರದ ಕುರ್ಚಿಯಲ್ಲಿ ಕೂರಿಸಿ, ಬೇಯಿಸಿದ ಸಿಹಿಗುಂಬಳದ ತುಂಡುಗಳನ್ನು ತಟ್ಟೆಯಲ್ಲಿ ತಂದಿಟ್ಟೆ. ಸೊಸೆ ತಟ್ಟೆಗೂ ಮಗುವಿಗೂ ಅಡ್ಡ ನಿಂತಳು.

"ಬೇಡ ಅತ್ತೆ. ಹಲ್ಲು ಬರ್ಲಿ."

"ಹಲ್ಲು ಬರೋ ಹೊತ್ತಿಗೆ ಮಗು ಒಣಗಿ ಕಡ್ಡಿಯಾಗಿರತ್ತೆ."

"ಹಲ್ಲಿಲ್ದೆ ಹೇಗೆ ಅಗೀತಾಳೆ? ಹಾಗೇ ನುಂಗ್ಬಿಟ್ರೆ?" ಅವಳು ತಟ್ಟೆಯನ್ನು ಹಿಂದಕ್ಕೆ ಸರಿಸಿದಳು. "ಹೇಳೋದು ಸುಲಭ ಅತ್ತೆ. ನೀವು ಅವತ್ತು ಇಲ್ಲಿರ್ಲಿಲ್ಲ."

ನನಗೆ ಸಿಟ್ಟು ನೆತ್ತಿಗೇರಿತು. ಬಾಯಿಗೆ ಬಂದದ್ದನ್ನು ಅಂದುಬಿಡುತ್ತಿದ್ದೆನೇನೋ. ಅಷ್ಟರಲ್ಲಿ ಅವಳ ಕೈ ನೋಡಿದೆ. ಅಂಗೈಯನ್ನು ಮಗುವಿನ ಬಾಯಿಗೆ ಅಡ್ಡ ಹಿಡಿದಿದ್ದಳು. ಅಂದುಕೊಂಡಿದ್ದೆಲ್ಲ ನುಂಗಿಕೊಂಡೆ. ಒಂದು ಬಟ್ಟಲು ಎಳೆದುಕೊಂಡು, ಮೇಲಿನ ಹಲ್ಲಿನ ಸೆಟ್ಟು ತೆಗೆದು ಅದರಲ್ಲಿಟ್ಟೆ. ಆಮೇಲೆ ಕೆಳಗಿನದು.

ಸೊಸೆ ಬೆಪ್ಪಾಗಿ ನಿಂತಳು. ನಾಚಿಕೆಯಿಂದ ನನ್ನ ಕಿವಿ ಬಿಸಿಯಾಯಿತು. ಕೆನ್ನೆ ಒಳಗೆ ಸೇರಿಕೊಂಡು ನನ್ನ ಮುಖ ಹೇಗೆ ಕಾಣುತ್ತದೆಂದು ಬಚ್ಚಲ ಕನ್ನಡಿಯಲ್ಲಿ ನಾನು ನೋಡಿದ್ದೇನೆ.

ಒಂದು ಕುಂಬಳದ ತುಂಡು ಬಾಯಿಗೆ ಹಾಕಿಕೊಂಡು, ಬಾಯಿ ತೆರೆದೇ ಅಗಿದು, ಹಿಟ್ಟಾಗಿದ್ದನ್ನು ನಾಲಿಗೆಯ ಮೇಲೆ ತೋರಿಸಿ ನುಂಗಿದೆ. "ನೋಡಿದ್ಯಾ?" ಎಂದೆ. ಹಲ್ಲಿಲ್ಲದೆ ಮಾತೆಲ್ಲ ಗಾಳಿಯಾಗಿ ಬಂತು. "ಈಗ ನಿನ್ನ ಬೆರಳು ಕೊಡಿಲ್ಲಿ."

ಯಾಕೆಂದು ಕೇಳದೆ ಕೊಟ್ಟಳು. ವಸಡಿನಲ್ಲಿ ಗಟ್ಟಿಯಾಗಿ ಕಚ್ಚಿದೆ.

"ಅಯ್ಯೋ, ಅತ್ತೆ! ನೋವಾಯ್ತು!"

"ಬೊಚ್ಚುಬಾಯಿ ಅಂತ ಸದರ ಮಾಡ್ಬೇಡ. ನಿನ್ನ ಮಗಳದ್ದೂ ಹೀಗೇ ಇದೆ, ಮುಟ್ಟಿ ನೋಡು."

ಅವಳು ಅದೇ ಬೆರಳು ತೊಳೆದುಕೊಂಡು ಮಗುವಿನ ಬಾಯಿಗಿಟ್ಟಳು. ಬೊಚ್ಚಿಗೆ ಅಷ್ಟೇ ಸಾಕಾಗಿತ್ತು, ಕಚ್ಚಿ ಹಿಡಿದಳು. ಸೊಸೆಯ ಮುಖದಲ್ಲಿ ನಗು ಬಂದಂತಾಗಿ ಹೋಯಿತು. ಅವಳು ಪಕ್ಕಕ್ಕೆ ಸರಿದು ನಿಂತಳು.

ಬೊಚ್ಚಿ ತುಂಡನ್ನು ಮುಷ್ಟಿಯಲ್ಲಿ ಹಿಡಿದಳು, ಹಿಸುಕಿದಳು, ಮೂಗಿಗೆ ಬಳಿದುಕೊಂಡಳು, ಕೊನೆಗೆ ಬಾಯಿಗಿಟ್ಟಳು. ವಸಡು ಮೆಲ್ಲಗೆ ಆಡಿತು. ಒಂದು ಚೂರು ಹೋಯಿತು. ಎರಡನೆಯದು ಸ್ವಲ್ಪ ದೊಡ್ಡದಾಯಿತು. ಮಗುವಿನ ಕಣ್ಣು ಅಗಲವಾಗಿ, ಮುಖ ಕೆಂಪೇರಿ, ನಾಲಿಗೆ ಹೊರಬಂತು. ಸೊಸೆ ಚೀರಿ ಮುಂದೆ ಹಾರಿದಳು. ನಾನು ಅವಳ ಮುಂಗೈ ಹಿಡಿದುಕೊಂಡೆ.

"ಬಿಡಿ ಅತ್ತೆ, ಬಿಡಿ!"

"ಬಿಡಲ್ಲ. ಕೇಳಿಸ್ಕೋ. ಕೆಮ್ತಿದ್ದಾಳೆ. ಸದ್ದು ಇದ್ರೆ ಉಸಿರು ಇದೆ ಅಂತ. ಸದ್ದು ನಿಂತ್ರೆ ನಾನೇ ಬೆನ್ನಿಗೆ ಹೊಡೀತೀನಿ, ನರ್ಸಮ್ಮ ಕಲಿಸಿದ್ದಾರೆ. ಈಗ ಕೇಳಿಸ್ಕೋ."

ಮಾತು ಧೈರ್ಯದ್ದು. ಆದರೆ ನನ್ನ ಜೀವವೂ ಬಾಯಿಗೆ ಬಂದಿತ್ತು. ಬೊಚ್ಚಿ ಗೊರಗೊರ ಕೆಮ್ಮಿದಳು, ಓಕರಿಸಿದಳು, ಚೂರು ತುಟಿಯ ಮೇಲೆ ಬಂದು ಬಿತ್ತು. ಅದನ್ನು ಬೆರಳಲ್ಲಿ ತಡಕಿ ತೆಗೆದು ನೋಡಿ, ಮತ್ತೆ ಬಾಯಿಗೇ ಹಾಕಿಕೊಂಡು ಅಗಿಯತೊಡಗಿದಳು.

ನಾನು ಕೈ ಬಿಟ್ಟೆ. ಸೊಸೆ ಅಲ್ಲೇ ಕುಳಿತಳು. ಅವಳು ನೋಡುತ್ತಿದ್ದುದು ಮಗುವನ್ನಲ್ಲ, ಒಳಗಿನ ಕೋಣೆಯ ಮಿಷನ್ನನ್ನು.

"ಅತ್ತೆ, ಉಸಿರು ಕಟ್ಟಿದ್ರೆ ಸದ್ದೇ ಬರಲ್ವಾ?"

"ಬರಲ್ವಂತೆ. ಗಾಳಿ ಹೋಗ್ದೆ ಸದ್ದು ಎಲ್ಲಿಂದ ಬರ್ಬೇಕು?"

"ಒಂದಿಷ್ಟೂ?"

"ಒಂದಿಷ್ಟೂ ಇಲ್ಲ."

"ಅವನು ಅವತ್ತು ಅಮ್ಮಾ ಅಂತ ಕೂಗಿರ್ತಾನೆ ಅನ್ಕೊಂಡಿದ್ದೆ," ಅಂದಳು. "ಮಿಷನ್ ಸದ್ದಲ್ಲಿ ನಂಗೇ ಕೇಳಿಸ್ಲಿಲ್ಲ ಅನ್ಕೊಂಡಿದ್ದೆ. ಇಷ್ಟು ವರ್ಷ."

ಒಂದೇ ಸೂರಿನಡಿ, ಒಂದೇ ಒಲೆಯ ಮುಂದೆ ಇದ್ದೂ ಇದು ನನಗೆ ಹೊಳೆದಿರಲಿಲ್ಲ. ಅವಳ ಪಕ್ಕ ನೆಲದ ಮೇಲೆ ಕುಳಿತು, ಅವಳ ತಲೆಯನ್ನು ಎದೆಗೆ ಒತ್ತಿಕೊಂಡೆ.

"ಕೂಗೋಕೆ ಅವನಿಗೆ ಆಗ್ತಿರ್ಲಿಲ್ಲ ಕಣಮ್ಮ. ಮಿಷನ್ ನಿಲ್ಸಿ ಕೂತಿದ್ರೂ ನಿಂಗೆ ಏನೂ ಕೇಳಿಸ್ತಿರ್ಲಿಲ್ಲ."

ಅವನು ಹೋದ ದಿನವೂ ಅವಳು ಹಾಗೆ ಅತ್ತಿರಲಿಲ್ಲ. ನಾನೂ ಅತ್ತೆ. ಬೊಚ್ಚಿ ಮಾತ್ರ ಕುರ್ಚಿಯ ಹಲಗೆಗೆ ಕೈ ಬಡಿದು ಇನ್ನೂ ಬೇಕೆಂದು ರಚ್ಚೆ ಹಿಡಿದಳು. ಸೊಸೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಎದ್ದು, ಒಂದು ತುಂಡನ್ನು ಎರಡು ಬೆರಳಲ್ಲಿ ಒತ್ತಿ ನೋಡಿ, ತಾನೇ ಮಗುವಿನ ಕೈಗಿಟ್ಟಳು. ತಟ್ಟೆ ಖಾಲಿಯಾದ ಮೇಲೆ ಮುಖವನ್ನೂ ತೊಳೆಸದೆ ಮಗುವನ್ನು ನನ್ನ ಮಡಿಲಿಗೆ ಹಾಕಿ, ಒಳಗಿನ ಕೋಣೆಗೆ ಹೋದಳು. ತುಸು ಹೊತ್ತಿನಲ್ಲಿ ಮಿಷನ್ ಓಡತೊಡಗಿತು.

ಸದ್ದು ಕೇಳಿ ಮಗ ಮುಂಬಾಗಿಲಿನಿಂದ ಬಂದ, ಕೊರಳಲ್ಲಿ ಅಳತೆ ಟೇಪು. "ಪಾಪು ಮಲಗಿದ್ಲಾ ಅಮ್ಮ?" ಎಂದು ಪಿಸುಗುಟ್ಟುತ್ತಾ ಬಂದವನು ಹೊಸ್ತಿಲಲ್ಲೇ ನಿಂತ.

"ಇಲ್ಲ ಕಣೋ," ಎಂದೆ. "ಎದ್ದೇ ಇದ್ದಾಳೆ."

ಅವನು ಮಿಷನ್ನಿನ ಕಡೆ ನೋಡಿದ, ಕುಂಬಳ ಬಳಿದುಕೊಂಡ ಮಗಳನ್ನು ನೋಡಿದ, ಆಮೇಲೆ ನನ್ನ ಮುಖ ನೋಡಿದ. ನನ್ನ ಹಲ್ಲು ಇನ್ನೂ ಬಟ್ಟಲಲ್ಲೇ ಇತ್ತು. ನಾನು ಬಾಯಿ ಮುಚ್ಚಿಕೊಳ್ಳಲಿಲ್ಲ.